ಪರ್ವತದ ಕಾಲುದಾರಿ: ಶ್ರೀಶೈಲ ಯಾತ್ರೆಯೂ ಕನ್ನಡ ನಾಡೂ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ‘ಪರ್ವತಕ್ಕೆ ಹೋದರು’ ಎಂದರೆ ಯಾವ ಪರ್ವತವೆಂದು ಯಾರೂ ಕೇಳುವುದಿಲ್ಲ. ಪರ್ವತಗೌಡ, ಪರ್ವತಮ್ಮ, ಶ್ರೀಶೈಲಪ್ಪ ಎಂಬ ಹೆಸರುಗಳು ಅಲ್ಲಿ ಮನೆಮಾತಾಗಿವೆ. 1794ರಲ್ಲಿ ಕ್ಷೇತ್ರವನ್ನು ಸಂದರ್ಶಿಸಿದ ಕಾಲಿನ್ ಮೆಕೆಂಜಿಯೂ ತನ್ನ ವರದಿಯಲ್ಲಿ ಅದನ್ನು ‘ಪರ್ವತಂ’ ಎಂದೇ ಹೆಸರಿಸಿದನು.

ಶ್ರೀಶೈಲಕ್ಕೂ ಕನ್ನಡಿಗರಿಗೂ ಇರುವ ಸಂಬಂಧವನ್ನು ನಿರೂಪಿಸುವಾಗ ವಿದ್ವಾಂಸರು ಸಾಮಾನ್ಯವಾಗಿ ಅರಸರ ದತ್ತಿಗಳನ್ನು ಆಶ್ರಯಿಸುತ್ತಾರೆ. ಕೃಷ್ಣದೇವರಾಯನು ತೇರುಬೀದಿಯ ಇಕ್ಕೆಲಗಳಲ್ಲಿ ಕಟ್ಟಿಸಿದ ಮಂಟಪಗಳು ಪ್ರಸಿದ್ಧವಾಗಿವೆ. ಆದರೆ ಯಾತ್ರಿಕನ ಕಾಲಿಗೆ ಹತ್ತಿರವಾದುವು ಬೇರೆ ಕೆಲಸಗಳು. ಇಮ್ಮಡಿ ಹರಿಹರನ ರಾಣಿ ವಿಠಲಾಂಬೆಯು 1393ರಲ್ಲಿ ಪಾತಾಳಗಂಗೆಗೆ ಸೋಪಾನಗಳನ್ನು ಕಟ್ಟಿಸಿದಳು. ಅದಕ್ಕೂ ಹಿಂದೆ ಕೊಂಡವೀಡಿನ ರೆಡ್ಡಿ ಅರಸ ಪ್ರೋಲಯ ವೇಮನು ಶ್ರೀಶೈಲ, ಅಹೋಬಲಗಳೆರಡಕ್ಕೂ ಮೆಟ್ಟಿಲುಗಳನ್ನು ಮಾಡಿಸಿದ್ದನು. ಮೆಟ್ಟಿಲು ಕಟ್ಟಿಸಿದವರಿಗೆ ಶಾಸನವುಂಟು, ಹತ್ತಿದವರಿಗೆ ಶಾಸನವಿಲ್ಲ.

ಆ ಹತ್ತಿದವರ ಸುಳಿವು ಕಾವ್ಯದಲ್ಲಿ ದೊರೆಯುತ್ತದೆ. ರಾಘವಾಂಕನ ಸಿದ್ಧರಾಮ ಚಾರಿತ್ರದಲ್ಲಿ ಸೊನ್ನಲಿಗೆಯ ಬಾಲಕನು ತನ್ನಲ್ಲಿಗೆ ಬಂದು ಮರೆಯಾದ ಮಲ್ಲಯ್ಯನನ್ನು ಅರಸುತ್ತ ಶ್ರೀಶೈಲಕ್ಕೆ ಹೊರಟ ಯಾತ್ರಿಕರ ಗುಂಪನ್ನು ಸೇರಿಕೊಳ್ಳುತ್ತಾನೆ. ಅವರು ಲಿಂಗವನ್ನು ತೋರಿಸಿದಾಗ, ಇವನು ತನ್ನ ಮಲ್ಲಯ್ಯನಲ್ಲವೆಂದು ಅಳುತ್ತಾನೆ. ಭಕ್ತಿಯ ದೃಷ್ಟಿಯಿಂದ ಈ ಪ್ರಸಂಗವನ್ನು ಬಹುವಾಗಿ ವಿವೇಚಿಸಿರುವುದುಂಟು. ಚರಿತ್ರಕಾರನಿಗೆ ಇದರಲ್ಲಿ ಇನ್ನೊಂದು ಸಂಗತಿ ಮುಖ್ಯವೆನಿಸಬೇಕು: ಹದಿಮೂರನೆಯ ಶತಮಾನದ ಕವಿಗೆ, ಭೀಮಾ ತೀರದ ಬಯಲಿನಿಂದ ಗುಂಪುಗೂಡಿ ಪರ್ವತಕ್ಕೆ ನಡೆಯುವ ಜನರು ವಿಶೇಷ ವಿವರಣೆ ಬೇಡದಷ್ಟು ಪರಿಚಿತರಾಗಿದ್ದರು. ಉಡುತಡಿಯ ಮಹಾದೇವಿಯಕ್ಕನ ಕದಳಿಯ ಪಯಣವೂ ಇಂತಹ ಹಾದಿಗಳನ್ನೇ ಹಿಡಿದಿರಬೇಕು.

ಇಂದಿಗೂ ನಡೆಯುವವರು ಕರ್ನೂಲಿನತ್ತ ಸಾಗಿ ಆತ್ಮಕೂರನ್ನು ಮುಟ್ಟಿ, ವೆಂಕಟಾಪುರದಿಂದ ನಲ್ಲಮಲೆಯ ಅಡವಿಯನ್ನು ಹೊಗುತ್ತಾರೆ. ವೀರಭದ್ರನ ಗುಡಿಯಿರುವ ನಾಗಲೂಟಿ, ದಾಮೆರ್ಲಕುಂಟ, ಪೆಚ್ಚೆರುವು, ಮಠಂಬಾವಿ, ಭೀಮುನಿ ಕೊಲನು, ಬಳಿಕ ಕೈಲಾಸದ್ವಾರ. ಈ ಹೆಸರುಗಳನ್ನು ಒಮ್ಮೆ ನಿಂತು ಕೇಳಬೇಕು. ಕುಂಟ, ಚೆರುವು, ಬಾವಿ, ಕೊಲನು ಎಲ್ಲವೂ ನೀರಿನ ಹೆಸರುಗಳೇ. ತೆಲುಗು ಯಾತ್ರಿಕರು ಶಿವರಾತ್ರಿಗೆ ಹೆಚ್ಚಾಗಿ ಬಂದರೆ ಕನ್ನಡಿಗರು ಬರುವುದು ಯುಗಾದಿಗೆ. ಎಲೆಯುದುರಿ ಕಾಡು ಬತ್ತಿದ ಕಾಲ ಅದು. ಅಂತಹ ಕಾಡಿನಲ್ಲಿ ದಾರಿಯನ್ನು ಗೊತ್ತುಮಾಡಿದುದು ದೇವಾಲಯಗಳಿಗಿಂತ ಮೊದಲು ನೀರೇ ಇರಬೇಕು. ಆ ನೀರನ್ನು ಬಲ್ಲವರು ಚೆಂಚು ಜನರು. ಯಾತ್ರಿಕರಿಗೆ ಕಾವಲಾಗಿ ನಿಂತು ಅವರು ಹಿಂದೆ ಪ್ರತಿಫಲವನ್ನು ಪಡೆಯುತ್ತಿದ್ದರು. ಭೀಮುನಿ ಕೊಲನಿನ ಕಣಿವೆಗೆ ಇಳಿದು ಮತ್ತೆ ಕಲ್ಲುಮೆಟ್ಟಿಲುಗಳನ್ನು ಏರುವುದೇ ದಾರಿಯ ಕಠಿಣ ಭಾಗ. ಮರಗಾಲು ಕಟ್ಟಿಕೊಂಡು ನಡೆವ ಹರಕೆಯವರೂ ಉಂಟು.

ಊರೂರಿನ ಗುಂಪುಗಳು ಮಲ್ಲಯ್ಯನ ಕಂಬಿಯನ್ನು ಹೊತ್ತು ತರುತ್ತವೆ. ಭ್ರಮರಾಂಬೆಗೆ ಸೀರೆ, ಅರಿಸಿನ, ಕುಂಕುಮ, ಬಳೆಗಳು ಬರುತ್ತವೆ. ಏಕೆಂದರೆ ಆಕೆ ಕನ್ನಡಿಗರ ಮನೆಮಗಳೆಂಬ ನಂಬಿಕೆ. ಆದುದರಿಂದ ಮಲ್ಲಯ್ಯ ಅಳಿಯ. ಅವನು ತಮ್ಮ ಹುಡುಗಿಯನ್ನು ವರಿಸಿದನೆಂದು ಚೆಂಚುಗಳೂ ಅವನನ್ನು ಅಳಿಯನೆನ್ನುತ್ತಾರೆ. ದತ್ತಿ ಕೊಟ್ಟ ಅರಸರು ದೇವರಿಗೆ ಭಕ್ತರಾದರು, ನಡೆದು ಬಂದವರು ಮಾತ್ರ ಬೀಗರಾದರು! ಶಾಸನಗಳಲ್ಲಿ ಕಾಣದ ಈ ಬಾಂಧವ್ಯವನ್ನು ಕೇವಲ ಜಾನಪದವೆಂದು ಬದಿಗಿಡುವುದು ಸಾಧುವಲ್ಲ.

ಕಾಡಿನ ಹಾದಿ ಈಗ ಸ್ವತಂತ್ರವಾಗಿಲ್ಲ. ಡಾಂಬರು ರಸ್ತೆ ಬಂದಿತು. 1960ರ ದಶಕದಲ್ಲಿ ಆರಂಭವಾದ ಅಣೆಕಟ್ಟಿನಿಂದ ಕೃಷ್ಣೆಯ ಮಟ್ಟವೇರಿತು. 1983ರಲ್ಲಿ ನಲ್ಲಮಲೆಯು ಹುಲಿಗಳ ರಕ್ಷಿತಾರಣ್ಯವಾಯಿತು. ಆದುದರಿಂದ ಅರಣ್ಯ ಇಲಾಖೆಯವರು ಜಾತ್ರೆಯ ದಿನಗಳಲ್ಲಿ ಮಾತ್ರ ನಡೆಯಲು ಅನುಮತಿ ಕೊಡುತ್ತಾರೆ. ಹುಲಿಗೂ ನೆಲೆ ಬೇಕು, ಸರಿಯೇ. ಆದರೆ ಹಾದಿಯೂ ಒಂದು ಪ್ರಾಚೀನ ಸ್ಮಾರಕವೆಂಬ ಭಾವನೆ ಈ ಏರ್ಪಾಟಿನಲ್ಲಿ ಕಾಣುವುದಿಲ್ಲ. 1956ರ ಪುನರ್ವಿಂಗಡಣೆಯಲ್ಲಿ ಶ್ರೀಶೈಲವು ಆಂಧ್ರ ಪ್ರದೇಶದಲ್ಲಿ ಉಳಿಯಿತು. ಸಿದ್ಧರಾಮನ ಸೊನ್ನಲಿಗೆಯಾದ ಸೊಲ್ಲಾಪುರವು 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಕನ್ನಡ ಕಾವ್ಯವು ಚಿತ್ರಿಸಿದ ಆ ಯಾತ್ರೆಯ ಎರಡು ತುದಿಗಳೂ ಹೀಗೆ ಕರ್ನಾಟಕದ ಹೊರಗಿವೆ. ಯುಗಾದಿಗೆ ಮುಂಚಿನ ದಿನಗಳಲ್ಲಿ ನಾಗಲೂಟಿಯಿಂದ ಕೈಲಾಸದ್ವಾರದವರೆಗೆ ಕೇಳಿಬರುವ ನುಡಿ ಬಹುಮಟ್ಟಿಗೆ ಕನ್ನಡವೇ.