ಹೊತ್ತಿದ ಎಂಜಿನ್, ಬೀಗದ ಬಾಗಿಲು

ಶಿಕಾರಿಪುರದ ಪೇಟೆಬೀದಿಯಲ್ಲಿ ಈಚೆಗೆ ಒಂದು ಕಾರನ್ನು ಕಂಡೆ. ಎಂಜಿನ್ ಓಡುತ್ತಿತ್ತು, ಎರಡನೆಯ ಕೀಲಿಯಿಂದ ಬಾಗಿಲಿಗೆ ಬೀಗ ಹಾಕಿ ಯಜಮಾನರು ಅಂಗಡಿಗೆ ಹೋಗಿದ್ದರು.

ಹಿಂದಿನವರಿಗೆ ಎಂಜಿನ್ ಆರಿಸದಿರಲು ಕಾರಣವಿತ್ತು. ಮುಂದುಗಡೆ ಹ್ಯಾಂಡಲ್ ತಿರುಗಿಸಿ ಅದನ್ನು ಹೊತ್ತಿಸಬೇಕು. ಅದು ಹಿಂದಕ್ಕೆ ಒದ್ದರೆ ಕೈಮೂಳೆ ಮುರಿದೀತು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರು ಬಂತು. 1949ರಲ್ಲಿ ಕ್ರೈಸ್ಲರ್ ಕಾರು ಕೀಲಿ ತಿರುವಿದರೆ ಸಾಕೆಂಬಂತಾಯಿತು. ಈಗ ಉಳಿದಿರುವ ನೆವ ಒಳಗಿನ ತಂಪುಗಾಳಿ.

ನಮ್ಮಲ್ಲಿ 1939ರ ಮೋಟಾರು ವಾಹನ ಕಾಯಿದೆಯೂ, ಅದರ ತರುವಾಯ ಬಂದ 1988ರ ಕಾಯಿದೆಯ 126ನೆಯ ಕಲಮೂ ಹೇಳುವುದು ಒಂದೇ: ಸಾರ್ವಜನಿಕ ಸ್ಥಳದಲ್ಲಿ ನಿಂತ ವಾಹನದ ಚಾಲಕನ ಪೀಠದಲ್ಲಿ ಲೈಸೆನ್ಸು ಉಳ್ಳವರಿರಬೇಕು, ಇಲ್ಲವೇ ಎಂಜಿನ್ ನಿಲ್ಲಿಸಿ, ಬ್ರೇಕು ಹಾಕಿ, ಅದು ತಾನಾಗಿ ಹೊರಡದಂತೆ ಮಾಡಿರಬೇಕು. ಬೀಗದ ಮಾತು ಅಲ್ಲಿಲ್ಲ. ಬೀಗ ಯಜಮಾನರ ಸೊತ್ತನ್ನು ಕಾದೀತು. ಬೀದಿಯಲ್ಲಿ ನಡೆಯುವವರನ್ನು ಕಾಯಲು ಎಂಜಿನ್ ಆರಿಸಲೇಬೇಕು.