ದೇವರನ್ನು ಕರೆಯುವ ಬಗೆ

1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿಗೆ ಕೈಹಾಕಿದ ಮೇಲೆ ಉತ್ತರ ಆರ್ಕಾಟಿನ ತಮಿಳು ಕೂಲಿಕಾರರು ಉರಿಗಾಮಿಗೆ ಬಂದರು. ಅವರಲ್ಲಿ ಕ್ರೈಸ್ತರೂ ಇದ್ದರು. ಬಂಡೆ ಯಾವಾಗ ಸಿಡಿದೀತೋ ಎಂಬ ಭಯದಲ್ಲಿ ಭೂಗರ್ಭಕ್ಕಿಳಿಯುವವನಿಗೆ ದೇವರು ತತ್ತ್ವವಾಗಿದ್ದರೆ ಸಾಲದು, ಕರೆದರೆ ಓಗೊಡುವವನಾಗಿರಬೇಕು.

ಕರೆಯುವುದಾದರೂ ಹೇಗೆ? ತಮಿಳು ಪ್ರಾರ್ಥನೆ ದೇವರನ್ನು ‘ನೀರ್’ ಎನ್ನುತ್ತದೆ: ಸಲುಗೆಯ ‘ನೀ’ಗಿಂತ ಒಂದು ಮೆಟ್ಟಿಲು ಮೇಲೆ. ಹಲವು ಕನ್ನಡ ಕ್ರೈಸ್ತರದು ನೇರವಾಗಿ ‘ನೀನು’. ಮನೆಯ ಹಿರಿಯರಿಗೆ ಬಹುವಚನ, ಪರಲೋಕದ ತಂದೆಗೆ ಏಕವಚನ! ಸೋಜಿಗವೇನಿಲ್ಲ, ಬಸವಣ್ಣನವರು ಕೂಡಲಸಂಗಮದೇವನೊಡನೆ ಆಡಿದ್ದೂ ಇದೇ ಏಕವಚನದಲ್ಲಿ. ಭಯಭಕ್ತಿ, ಸಲುಗೆ—ಸಂಬಂಧವೆಂದರೆ ಎರಡೂ ಬೇಕೆಂದು ನನಗೆ ತೋರುತ್ತದೆ.

ಗಣಿಗಳು 2001ರಲ್ಲಿ ಮುಚ್ಚಿದವು. ಅಲ್ಲಿನ ಚರ್ಚುಗಳಲ್ಲಿ ಆ ‘ನೀರ್’ ಇನ್ನೂ ಕೇಳಿಸುತ್ತದೆ.