ಒಲಿಂಪಿಕ್ಸ್ ಸಿಗದ ಚಾಂಪಿಯನ್

ಸಾನಿಯಾ ಮಿರ್ಜಾ ಅಂದ್ರೆ ಸಾಕು, ನಿಮ್ಮ ಮನೆಯ ಮಕ್ಕಳೂ ಟೆನಿಸ್ ಅಂತಾರೆ. ಸರಿ, ಎಲ್ವೆರಾ ಬ್ರಿಟ್ಟೊ ಯಾರು ಹೇಳಿ ನೋಡೋಣ? ಫೋನ್ ಕೆಳಗಿಡಿ, ನೆನಪಿನಿಂದಲೇ ಹೇಳಿ.

ಬಹಳ ಜನಕ್ಕೆ ಗೊತ್ತಿರಲ್ಲ. ಬೆಂಗಳೂರಿನವರು, ಹಾಕಿ ಆಟಗಾರ್ತಿ. ಅವರು, ತಂಗಿಯರಾದ ರೀಟಾ ಮತ್ತು ಮೇ, ಹೀಗೆ ಒಂದೇ ಮನೆಯ ಮೂವರು 1960ರಿಂದ 1967ರವರೆಗೆ ನಮ್ಮ ರಾಜ್ಯ ತಂಡಕ್ಕೆ ಆಡಿದರು. ಆ ಅವಧಿಯಲ್ಲಿ ತಂಡ ಗೆದ್ದಿದ್ದು ಏಳು ರಾಷ್ಟ್ರೀಯ ಪ್ರಶಸ್ತಿ! ಎಲ್ವೆರಾ ನಾಯಕಿಯೂ ಆಗಿದ್ದರು. ಭಾರತದ ಪರವಾಗಿ ಆಸ್ಟ್ರೇಲಿಯಾ, ಜಪಾನ್, ಶ್ರೀಲಂಕಾ ವಿರುದ್ಧ ಆಡಿದರು. 1965ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಹಾಕಿಯಲ್ಲಿ ಆ ಗೌರವ ಪಡೆದ ಎರಡನೇ ಮಹಿಳೆ ಅವರು. ಮೊದಲನೆಯವರು 1961ರಲ್ಲಿ ಆನ್ ಲಮ್ಸ್‌ಡೆನ್.

ಇಷ್ಟು ಗೆದ್ದವರ ಹೆಸರು ನಮಗೆ ಯಾಕೆ ಗೊತ್ತಿಲ್ಲ? ನನ್ನ ಉತ್ತರ ನೇರವಾಗಿದೆ. ಅವರಿಗೆ ಆಟ ಇತ್ತು, ಅಂಗಳ ಇರಲಿಲ್ಲ. ಜಗತ್ತು ಕೂತು ನೋಡುವ ಅಂಗಳ.

ಅದೇ ಕಾಲದ ಟೆನಿಸ್ ನೋಡಿ. ವಿಂಬಲ್ಡನ್‌ನಲ್ಲಿ 1884ರಿಂದಲೇ ಮಹಿಳೆಯರ ಸ್ಪರ್ಧೆ ಇದೆ. 1934ರಲ್ಲಿ ಲೀಲಾ ರಾವ್ ಅಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಅಮೆರಿಕದ ಆಲ್ತಿಯಾ ಗಿಬ್ಸನ್ ಕಥೆ ಇನ್ನೂ ದೊಡ್ಡದು. ಕಪ್ಪು ಮೈಬಣ್ಣದ ಹುಡುಗಿ ಅನ್ನೋ ಕಾರಣಕ್ಕೆ 1950ರವರೆಗೆ ಅವರದೇ ದೇಶದ ರಾಷ್ಟ್ರೀಯ ಟೂರ್ನಿಯ ಬಾಗಿಲು ಅವರಿಗೆ ಮುಚ್ಚಿತ್ತು. ಬಾಗಿಲು ತೆರೆದ ಏಳೇ ವರ್ಷಕ್ಕೆ, 1957ರಲ್ಲಿ, ಅವರು ವಿಂಬಲ್ಡನ್ ಗೆದ್ದರು. ಮರುವರ್ಷ ಮತ್ತೆ ಗೆದ್ದರು. ಅಂಗಳದೊಳಗೆ ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಈಗ ಹಾಕಿಗೆ ಬನ್ನಿ. ಒಲಿಂಪಿಕ್ಸ್‌ಗೆ ಪುರುಷರ ಹಾಕಿ ಬಂದಿದ್ದು 1908ರಲ್ಲಿ. ಭಾರತದ ಪುರುಷರು ಮೊದಲ ಚಿನ್ನ ತಂದಿದ್ದು 1928ರಲ್ಲಿ. ಮಹಿಳೆಯರ ಹಾಕಿ ಯಾವಾಗ ಬಂತು ಗೊತ್ತಾ? 1980ರಲ್ಲಿ, ಮಾಸ್ಕೋದಲ್ಲಿ! ನಮ್ಮವರು ಅಲ್ಲಿ ನಾಲ್ಕನೇ ಸ್ಥಾನ ಪಡೆದರು. ಅಷ್ಟೊತ್ತಿಗೆ ಎಲ್ವೆರಾ ಅವರಿಗೆ ಹತ್ತಿರ ಹತ್ತಿರ ನಲವತ್ತು. ಕಾಲಲ್ಲಿ ಓಟ ಇದ್ದಾಗ ಒಲಿಂಪಿಕ್ಸ್ ಇರಲಿಲ್ಲ, ಒಲಿಂಪಿಕ್ಸ್ ಬಂದಾಗ ಅವರ ಆಟದ ವಯಸ್ಸು ಮುಗಿದಿತ್ತು. ಇದು ಅವರೊಬ್ಬರ ದುರದೃಷ್ಟ ಅಲ್ಲ. ಒಂದಿಡೀ ತಲೆಮಾರಿನ ಹೆಣ್ಣುಮಕ್ಕಳಿಗೆ ಆದ ನಷ್ಟ.

ಇಲ್ಲಿಗೆ ಅರ್ಧ ಕಥೆ ಆಯ್ತು. ಉಳಿದರ್ಧ ಹೇಳೋಕೆ ನಿಮ್ಮನ್ನ ಬೆಂಗಳೂರಿನಿಂದ ದೂರ, ಸುರಪುರ ಸೀಮೆಯ ತಿಂಥಣಿಗೆ ಕರ್ಕೊಂಡು ಹೋಗ್ತೀನಿ. ಕೃಷ್ಣಾ ದಂಡೆಯ ಊರು. ಹಿಂದೂಗಳೂ ಮುಸ್ಲಿಮರೂ ಒಟ್ಟಿಗೆ ನಡ್ಕೊಳ್ಳೋ ಮೌನೇಶ್ವರರ ಊರು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದ ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಆ ಸೀಮೆಯೂ ಜೊತೆಗೇ ಬಂತು. ಬ್ರಿಟ್ಟೊ ಸಹೋದರಿಯರು ಆಡಿದ್ದೂ ಅದೇ ಮೈಸೂರು ರಾಜ್ಯಕ್ಕೆ. ಕರ್ನಾಟಕ ಅನ್ನೋ ಹೆಸರು ಬಂದಿದ್ದು 1973ರಲ್ಲಿ. ಅಂದ್ರೆ ಆ ಏಳು ಪ್ರಶಸ್ತಿಗಳು ತಿಂಥಣಿಯವೂ ಹೌದು. ಕಾಗದದ ಮೇಲೆ.

ಬೆಂಗಳೂರಿನ ಕಂಟೋನ್ಮೆಂಟ್ ಶುರುವಾಗಿದ್ದು 1809ರಲ್ಲಿ. ಸೇನೆಯ ಜೊತೆ ಮೈದಾನ ಬಂತು, ಕ್ಲಬ್ ಬಂತು, ಕಾನ್ವೆಂಟ್ ಶಾಲೆ ಬಂತು, ಹಾಕಿ ಬಂತು. ಆ ನಗರದ ಹುಡುಗಿಗೆ ಸ್ಟಿಕ್ ಹಿಡಿಯುವ ಒಂದು ದಾರಿಯಾದರೂ ಇತ್ತು. ಅದೇ 1960ರ ದಶಕದಲ್ಲಿ ಕೃಷ್ಣಾ ದಂಡೆಯ ಹಳ್ಳಿಗಳ ಹುಡುಗಿಯ ಕೈಗೆ ಏನು ಬರ್ತಿತ್ತು? ನೀರಿನ ಕೊಡ. ಕಳೆ ತೆಗೆಯೋ ಕುರ್ಪಿ. ಸೊಂಟದ ಮೇಲೆ ತಮ್ಮ. ಆಟದ ಮಾತು ಬಿಡಿ, ಸಾಲಿಗೆ ಕಳಿಸಿದ್ದೇ ಎಷ್ಟು ಮನೆಯವರು? 2011ರ ಜನಗಣತಿಯಲ್ಲೂ ರಾಜ್ಯದಲ್ಲೇ ಅತಿ ಕಡಿಮೆ ಸಾಕ್ಷರತೆ ಯಾದಗಿರಿ ಜಿಲ್ಲೆಯದ್ದು. ಅಲ್ಲಿನ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳಿಗೆ ಓದು ಬರಹ ಇರಲಿಲ್ಲ.

ಎಲ್ವೆರಾ ಅವರಿಗೆ ಊರಲ್ಲಿ ಅಂಗಳ ಸಿಕ್ಕಿತು, ಜಗತ್ತಿನದು ಸಿಗಲಿಲ್ಲ. ತಿಂಥಣಿ ಕಡೆಯ ಹುಡುಗಿಗೆ ಎರಡೂ ಸಿಗಲಿಲ್ಲ. ಮೊದಲನೆಯವರ ಹೆಸರಾದರೂ ದಾಖಲೆಯಲ್ಲಿದೆ. ಎರಡನೆಯವಳು ಎಷ್ಟು ಜೋರಾಗಿ ಓಡ್ತಿದ್ದಳು ಅನ್ನೋದು ಅವಳಿಗೇ ಗೊತ್ತಾಗಲಿಲ್ಲ.

ಆಟ ನಿಲ್ಲಿಸಿದ ಮೇಲೂ ಎಲ್ವೆರಾ ಹಾಕಿ ಬಿಡಲಿಲ್ಲ. ರಾಜ್ಯ ಮಹಿಳಾ ಹಾಕಿ ಸಂಸ್ಥೆಯ ಅಧ್ಯಕ್ಷೆಯಾಗಿ ದುಡಿದರು. 2022ರ ಏಪ್ರಿಲ್ 26ರಂದು, 81ನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು.

ಪ್ರತಿಮೆ ನಿಲ್ಲಿಸಿ, ರಸ್ತೆಗೆ ಹೆಸರಿಡಿ ಅಂತ ನಾನು ಕೇಳಲ್ಲ. ಒಂದೇ ಕೆಲಸ ಮಾಡಿ. ನಿಮ್ಮೂರಿನ ಹೈಸ್ಕೂಲಿಗೆ ಹೋಗಿ, ಆಟದ ಪೀರಿಯಡ್ ಹೊತ್ತಲ್ಲಿ ಮೈದಾನ ನೋಡಿ. ಗಂಡುಹುಡುಗರು ಕ್ರಿಕೆಟ್ ಆಡ್ತಾ ಇರ್ತಾರೆ. ಹುಡುಗಿಯರು ಎಲ್ಲಿದ್ದಾರೆ ಅಂತ ಹೆಡ್‌ಮಾಸ್ಟರ್‌ನ ಕೇಳಿ. ಉತ್ತರ ಸಿಗೋವರೆಗೂ ಅಲ್ಲಿಂದ ಏಳಬೇಡಿ.